ಲಾಂಗಿನ ಕಥೆಗೊಂದು ಪ್ರಹಸನ ಬೇಕು

ಬಡವರ ಬೀದಿಯಲ್ಲಿ ಹುಟ್ಟಿದ ಹುಡುಗನು ಗಂಡಸಾಗುವುದಕ್ಕೆ ನಮ್ಮ ಚಲನಚಿತ್ರಗಳು ಕಳೆದ ಮೂವತ್ತು ವರ್ಷಗಳಿಂದ ಹೆಚ್ಚುಕಡಿಮೆ ಒಂದೇ ದಾರಿಯನ್ನು ತೋರಿಸುತ್ತ ಬಂದಿವೆ. ಆ ದಾರಿಯಲ್ಲಿ ಮೊದಲು ಒಂದು ಅವಮಾನ, ಆಮೇಲೆ ಒಂದು ಲಾಂಗು, ಕಡೆಯಲ್ಲಿ ತಾಯಿಯ ಕಣ್ಣೀರು ತಪ್ಪದೆ ಕಾಣಸಿಗುತ್ತವೆ. ಈ ಕಥೆಯನ್ನು ಅಣಕವಾಡಿ ನಮ್ಮನ್ನು ಮನಸಾರೆ ನಗಿಸುವ ಚಿತ್ರವೊಂದು ಕನ್ನಡದಲ್ಲಿ ಬರಬೇಕು, ಮತ್ತು ಅದು ಮೂಡಲಪಾಳ್ಯದಂತಹ ಬಡಾವಣೆಯ ಹುಡುಗರ ಕೈಯಿಂದಲೇ ಬರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೂಲಚಿತ್ರಗಳ ವಿಷಯದಲ್ಲಿ ನನಗೆ ಅನಾದರವಿಲ್ಲ. 1995ರಲ್ಲಿ ತೆರೆಕಂಡ ಉಪೇಂದ್ರರ ‘ಓಂ’ ಚಿತ್ರದಲ್ಲಿ ಪುರೋಹಿತರ ಮಗನಾದ ಸತ್ಯನು ಪ್ರೇಮದ ನಿಮಿತ್ತ ಪಾತಕಲೋಕಕ್ಕೆ ಇಳಿದುದನ್ನೂ, ನಿಜವಾದ ರೌಡಿಗಳೇ ಕ್ಯಾಮೆರಾದ ಮುಂದೆ ಬಂದು ನಿಂತುದನ್ನೂ ಕಂಡ ಪ್ರೇಕ್ಷಕರು ಬೆರಗಾದುದು ಸಹಜವೇ ಆಗಿತ್ತು. 2005ರ ‘ಜೋಗಿ’ಯಲ್ಲಿ, ಮಗನನ್ನು ಹುಡುಕಿಕೊಂಡು ಹಳ್ಳಿಯಿಂದ ನಗರಕ್ಕೆ ಬಂದ ತಾಯಿಯು ಅನಾಥಶವವಾಗಿ ಹೋಗುತ್ತಿರುವಾಗ, ಅದು ಯಾರ ಮೆರವಣಿಗೆಯೆಂಬುದನ್ನು ಅರಿಯದೆ ಮಗನು ಅದರ ಮುಂದೆಯೇ ಕುಣಿಯುವ ಸನ್ನಿವೇಶವನ್ನು ನೋಡಿ ಕಣ್ಣೊರೆಸಿಕೊಳ್ಳದವರು ವಿರಳ. 2007ರಲ್ಲಿ ಸೂರಿಯವರು ನಿರ್ದೇಶಿಸಿದ ‘ದುನಿಯಾ’ದ ಶಿವಲಿಂಗನು ಕಲ್ಲು ಒಡೆಯುವ ಕೆಲಸವನ್ನು ಬಿಟ್ಟು ಬೆಂಗಳೂರಿಗೆ ಬಂದುದು ಸತ್ತ ತಾಯಿಗೊಂದು ಸಮಾಧಿಯನ್ನು ಕಟ್ಟಿಸಬೇಕೆಂಬ ಆಸೆಯಿಂದ. ಈ ಮೂರರಲ್ಲಿಯೂ ದುಃಖವು ನಿಜವಾದ ದುಃಖ. ಅವುಗಳ ಬೆನ್ನು ಹಿಡಿದು ಬಂದ ಅಸಂಖ್ಯ ಚಿತ್ರಗಳಲ್ಲಿಯಾದರೋ ಅದೇ ದುಃಖವು ವೇಷವಾಗಿ ಉಳಿಯಿತು. ಲಾಂಗು ಉದ್ದವಾಯಿತು, ತಾಯಿಯ ಮಾತು ಗಿಡ್ಡವಾಯಿತು.

ವಿಜಯನಗರಕ್ಕೂ ನಾಗರಭಾವಿಗೂ ನಡುವೆ ಇರುವ ಮೂಡಲಪಾಳ್ಯದಲ್ಲಿ ಹುಡುಗರು ದೊಡ್ಡವರಾಗುವ ಬಗೆಯೇ ಬೇರೆ. ತಾಯಂದಿರು ಬೆಳಗ್ಗೆ ಊಟದ ಡಬ್ಬಿಯನ್ನು ಹಿಡಿದು ಗಾರ್ಮೆಂಟ್ಸಿನ ವ್ಯಾನು ಹತ್ತಿದ ಮೇಲೆ ತಂಗಿಯ ಜಡೆ ಹೆಣೆದು ಶಾಲೆಗೆ ಕಳುಹಿಸುವವನು, ಎಸ್ಸೆಸ್ಸೆಲ್ಸಿಯಲ್ಲಿ ಗಣಿತವೊಂದು ಉಳಿದುಹೋದುದರಿಂದ ಕಾಮಾಕ್ಷಿಪಾಳ್ಯದ ಲೇತ್ ಅಂಗಡಿಗೆ ಸೇರಿ ಸಂಬಳದ ಮೊದಲ ಕವರನ್ನು ಅಮ್ಮನ ಕೈಯಲ್ಲಿ ಇಡುವವನು, ಗಾಡಿಯ ಕಂತನ್ನು ಕಟ್ಟುವುದಕ್ಕಾಗಿ ನಡುರಾತ್ರಿಯವರೆಗೆ ಯಾರ ಮನೆಗೋ ಊಟ ತಲುಪಿಸುತ್ತ ತಾನು ಮಾತ್ರ ಹಸಿದುಕೊಂಡು ಅಲೆಯುವವನು, ಇಂತಹವರೇ ಇಲ್ಲಿ ಬಹುಸಂಖ್ಯಾತರು. ನೀರು ಬಿಡುವ ದಿನ ಸಂಪು ತುಂಬಿಸುವ ಜವಾಬ್ದಾರಿ ಯಾವ ವಯಸ್ಸಿಗೆ ತನ್ನ ಪಾಲಿಗೆ ಬಂದಿತೆಂಬುದು ಇಲ್ಲಿಯ ಹುಡುಗನಿಗೆ ಚೆನ್ನಾಗಿ ನೆನಪಿರುತ್ತದೆ. ಇವರಲ್ಲಿ ದಾರಿತಪ್ಪಿದವರೂ ಇಲ್ಲದಿಲ್ಲ. ಅಂತಹವನ ಮೇಲೆ ರೌಡಿಶೀಟು ತೆರೆದ ಬಳಿಕ, ಚುನಾವಣೆಯೋ ದೊಡ್ಡ ಹಬ್ಬವೋ ಬಂತೆಂದರೆ ಠಾಣೆಯ ಅಂಗಳದ ಪರೇಡಿನಲ್ಲಿ ತಲೆತಗ್ಗಿಸಿ ಸಾಲಾಗಿ ನಿಲ್ಲಬೇಕಾಗುತ್ತದೆ. ಆ ಸಾಲಿನಲ್ಲಿ ನಿಂತವನ ಹಿಂದೆ ಯಾವ ವಾದ್ಯವೂ ಮೊಳಗುವುದಿಲ್ಲ.

ಇಂತಹುದೇ ಪರಿಸ್ಥಿತಿ ಅಮೆರಿಕದ ಕಪ್ಪುಜನರ ಚಿತ್ರಗಳಿಗೂ ಒಮ್ಮೆ ಒದಗಿತ್ತು. 1991ರಲ್ಲಿ ಜಾನ್ ಸಿಂಗಲ್ಟನ್ ಎಂಬ ತರುಣನು ಲಾಸ್ ಏಂಜಲೀಸಿನ ಬಡ ಕೇರಿಯ ಹುಡುಗರನ್ನು ಕುರಿತು ‘ಬಾಯ್ಜ್ ಎನ್ ದ ಹುಡ್’ ಎಂಬ ಗಂಭೀರವಾದ ಚಿತ್ರವನ್ನು ಮಾಡಿ, ತನ್ನ 24ನೆಯ ವಯಸ್ಸಿನಲ್ಲಿಯೇ ನಿರ್ದೇಶನಕ್ಕಾಗಿ ಆಸ್ಕರ್ ನಾಮನಿರ್ದೇಶನವನ್ನು ಪಡೆದನು. ಅನಂತರ ಅದೇ ಕೇರಿ, ಅದೇ ಬಂದೂಕು, ಅದೇ ಹಿತೋಪದೇಶಗಳ ಚಿತ್ರಗಳು ಒಂದರ ಹಿಂದೊಂದು ಬಂದುವು. 1996ರಲ್ಲಿ ವೇಯನ್ಸ್ ಸಹೋದರರು, ನ್ಯೂಯಾರ್ಕಿನ ಬಡವರ ವಸತಿಯಲ್ಲಿ ದೊಡ್ಡ ಸಂಸಾರದ ನಡುವೆ ಬೆಳೆದವರು, ‘ಡೋಂಟ್ ಬಿ ಎ ಮೆನೇಸ್’ ಎಂದು ಮೊದಲಾಗುವ ಬಹಳ ಉದ್ದವಾದ ಹೆಸರಿನ ಚಿತ್ರದಲ್ಲಿ ಈ ಎಲ್ಲವನ್ನೂ ಒಟ್ಟಿಗೆ ಅಣಕಿಸಿದರು. ಮೂಲದಲ್ಲಿ ಮಗನಿಗೆ ಬುದ್ಧಿ ಹೇಳಿ ಬೆಳೆಸುವ ತಂದೆಯು ಇಲ್ಲಿ ಮಗನ ವಾರಗೆಯವನೇ ಆಗಿರುತ್ತಾನೆ; ಯಾವನಾದರೊಬ್ಬನು ಉಪದೇಶದ ಮಾತನ್ನು ಆಡಿದೊಡನೆ ಅಂಚೆಯವನೊಬ್ಬನು ಕಾಣಿಸಿಕೊಂಡು ‘ಸಂದೇಶ!’ ಎಂದು ಕೂಗಿಬಿಡುತ್ತಾನೆ. ಆ ಕೂಗನ್ನು ಕೇಳಿದ ಮೇಲೆ ಹುಸಿಯಾದ ಉಪದೇಶವನ್ನು ಮೊದಲಿನಂತೆ ಗಂಭೀರವದನದಿಂದ ಕೇಳುವುದು ಕಷ್ಟವಾಗುತ್ತದೆ. ಚಿತ್ರದಲ್ಲಿ ಒರಟುತನವೂ ಇದೆ, ಹೆಂಗಸರ ವಿಷಯದಲ್ಲಿ ನಾನು ಒಪ್ಪಲಾರದ ಹಗುರತನವೂ ಇದೆ. ಆದರೆ ನಗುವವರು ಆ ಬದುಕನ್ನು ಬಲ್ಲವರು, ಅವರ ನಗೆಯ ಗುರಿ ಕಥೆಯೇ ಹೊರತು ಕೇರಿಯಲ್ಲ.

ಹಾಸ್ಯದ ಈ ಗುಟ್ಟು ನಮಗೆ ಹೊಸದೇನೂ ಅಲ್ಲ. ಶೃಂಗಾರದ ಅನುಕೃತಿಯಿಂದ ಹಾಸ್ಯವು ಹುಟ್ಟುತ್ತದೆಂದು ಭರತಮುನಿಯು ಹೇಳಿದುದನ್ನು ಅಭಿನವಗುಪ್ತನು ವಿಸ್ತರಿಸಿ, ಯಾವ ರಸದ ಆಭಾಸವಾದರೂ ಹಾಸ್ಯಕ್ಕೆ ಕಾರಣವಾಗಬಲ್ಲುದೆಂದು ವಿವರಿಸಿದ್ದಾನೆ. ಹಾಗಿದ್ದ ಮೇಲೆ ವೀರದ ಆಭಾಸವೂ ಕರುಣದ ಆಭಾಸವೂ ಒಟ್ಟಿಗೆ ತುಂಬಿ ತುಳುಕುತ್ತಿರುವ ನಮ್ಮ ಲಾಂಗಿನ ಕಥೆಗಳು ಪ್ರಹಸನಕಾರನ ಪಾಲಿಗೆ ಎಷ್ಟು ದೊಡ್ಡ ನಿಧಿಯಾಗಬೇಡ! 1918ರ ‘ಟೊಳ್ಳುಗಟ್ಟಿ’ಯಲ್ಲಿ ಕೈಲಾಸಂ ಅವರು ಪರೀಕ್ಷೆಗಳನ್ನು ಗೆದ್ದ ಮಗನನ್ನೂ, ಓದಿನಲ್ಲಿ ಹಿಂದುಳಿದು ಮನೆಯವರ ಕಷ್ಟಕ್ಕೆ ಒದಗುವ ಮಗನನ್ನೂ ಅಕ್ಕಪಕ್ಕದಲ್ಲಿ ನಿಲ್ಲಿಸಿ ಟೊಳ್ಳಾವುದು ಗಟ್ಟಿಯಾವುದು ಎಂದು ಕೇಳಿದರಲ್ಲವೆ? ಅದೂ ಹುಡುಗರು ಮನುಷ್ಯರಾಗುವ ಕಥೆಯೇ. ನಡುಮನೆಯ ಭಾಷೆಯನ್ನು ಒಳಗಿದ್ದು ಬಲ್ಲವರಾದುದರಿಂದ ಅವರ ನಗೆಯು ಅಷ್ಟು ಆಪ್ತವಾಯಿತು.

ಇಂತಹ ನಗೆಯ ಬೀಜವು ನಮ್ಮ ಬೀದಿಗಳಲ್ಲಿ ಆಗಲೇ ಮೊಳೆತಿದೆ. ಮೂಡಲಪಾಳ್ಯದ ಒಂದು ಇಕ್ಕಟ್ಟಾದ ಅಡ್ಡರಸ್ತೆಯಲ್ಲಿ ನಾಲ್ಕಾರು ಹುಡುಗರು ರೀಲ್ಸ್ ಮಾಡುತ್ತಿದ್ದುದನ್ನು ಒಮ್ಮೆ ನಿಂತು ನೋಡಿದೆನು. ರಟ್ಟನ್ನು ಕತ್ತರಿಸಿ ಬೆಳ್ಳಿಯ ಕಾಗದವನ್ನು ಅಂಟಿಸಿದ ಲಾಂಗನ್ನು ಹೆಗಲ ಮೇಲಿಟ್ಟುಕೊಂಡು, ಕಪ್ಪು ಅಂಗಿಯ ಹುಡುಗನೊಬ್ಬನು ನಿಧಾನಗತಿಯಲ್ಲಿ ನಡೆದುಬರುತ್ತಿದ್ದನು. ಹಿಂದಿನವರು ‘ಬಾಸ್, ಬಾಸ್’ ಎಂದು ಕೂಗುತ್ತಿದ್ದರು. ಆಗ ಎದುರುಮನೆಯ ಅಜ್ಜಿಯು ಬಾಗಿಲಿಗೆ ಬಂದು, ‘ಲೋ, ಕೊಲೆ ಆಮೇಲೆ ಮಾಡ್ಕೊಳ್ರೋ, ಮೊದ್ಲು ಈ ನೀರಿನ ಕ್ಯಾನ್ ಮೇಲಕ್ಕೆ ಇಟ್ಬಿಟ್ಟು ಬನ್ರಪ್ಪಾ’ ಎಂದಳು. ‘ಬಂದೆ ಅಜ್ಜೀ’ ಎಂದವನು ಲಾಂಗನ್ನು ಗೆಳೆಯನಿಗೆ ಒಪ್ಪಿಸಿ, ಕ್ಯಾನನ್ನು ಅದೇ ಹೆಗಲಿಗೆ ಏರಿಸಿ, ಅದೇ ನಿಧಾನಗತಿಯಲ್ಲಿ, ಅದೇ ಬಿಗಿದ ಮುಖದಿಂದ ಮೆಟ್ಟಿಲು ಹತ್ತಿದನು. ಮೊಬೈಲು ಹಿಡಿದಿದ್ದವನು ಚಿತ್ರೀಕರಣವನ್ನು ನಿಲ್ಲಿಸಲಿಲ್ಲ. ಯಾವ ಶಾಸ್ತ್ರವನ್ನೂ ಓದದ ಆ ಹುಡುಗರು ಅಭಿನವಗುಪ್ತನ ಮಾತಿಗೆ ನನ್ನ ಕಣ್ಣೆದುರಿನಲ್ಲಿಯೇ ಉದಾಹರಣೆಯನ್ನು ಕೊಟ್ಟುಬಿಟ್ಟರು.

‘ಭೀಮ’ದಂತಹ ಚಿತ್ರಗಳು ಮಾದಕದ್ರವ್ಯವು ಕೇರಿಯ ಹುಡುಗರನ್ನು ನುಂಗುತ್ತಿರುವುದನ್ನು 2024ರಷ್ಟು ಈಚೆಗೂ ತೋರಿಸಿರುವಾಗ ನಗೆಯಾಡುವುದು ಸಲ್ಲದೆಂದು ಆಕ್ಷೇಪಿಸುವವರ ಕಳಕಳಿಯನ್ನು ನಾನು ಗೌರವಿಸುತ್ತೇನೆ. ಆದರೆ ಗಾಂಜಾ ಮಾರುವವನಿಗಿಂತ ಮುಂಚೆಯೇ ಹುಡುಗನ ಬಳಿಗೆ ಬರುವುದು ‘ನಿನ್ನಂಥವನ ಬಾಳು ಹೀಗೆಯೇ’ ಎಂಬ ಕಥೆ. ಆ ಕಥೆಯ ಗತ್ತನ್ನು ಮುರಿಯುವುದಕ್ಕೆ ಭಾಷಣಕ್ಕಿಂತ ನಗೆ ಹೆಚ್ಚು ಸಮರ್ಥವಾಗಿದೆ. ನಾನು ಭಯಪಡುವುದು ಬೇರೊಂದಕ್ಕೆ. ದೂರದರ್ಶನದ ಕೆಲವು ಹಾಸ್ಯಪ್ರದರ್ಶನಗಳಲ್ಲಿ ಬಡವನ ಉಚ್ಚಾರಣೆ, ಕಪ್ಪು ಬಣ್ಣ, ಹರಿದ ಚಪ್ಪಲಿ ಇವೇ ನಗೆಯ ಸರಕಾಗಿರುವಂತೆ, ಪಾಳ್ಯವನ್ನು ಕಾರಿನ ಕಿಟಕಿಯಿಂದ ಮಾತ್ರ ನೋಡಿದವರು ಈ ಚಿತ್ರವನ್ನೂ ಮಾಡಿಬಿಟ್ಟಾರು. ಅಂತಹುದು ಬರುವುದಕ್ಕಿಂತ ಬಾರದಿರುವುದೇ ಲೇಸು.

ಆದುದರಿಂದ ಬಂಡವಾಳವುಳ್ಳವರು ಆ ಅಡ್ಡರಸ್ತೆಯ ಹುಡುಗರನ್ನು ಕರೆದು, ಬರೆಯುವ ಅಧಿಕಾರವನ್ನು ಅವರಿಗೇ ಕೊಡಲಿ. ಅವರಲ್ಲಿ ನನ್ನದೊಂದು ಬಿನ್ನಹವಿದೆ: ತಾಯಿಯ ಪಾತ್ರವನ್ನು ನಿಮ್ಮ ಮನೆಯಲ್ಲಿ ಕಂಡಂತೆಯೇ ಬರೆಯಿರಿ. ಮಗನು ರಕ್ತಸಿಕ್ತನಾಗಿ ಹೊಸಲಿನಲ್ಲಿ ನಿಂತಾಗ ಅವಳು ಎದೆ ಬಡಿದುಕೊಂಡು ಕುಸಿಯಬೇಕಾಗಿಲ್ಲ. ಈ ಅಂಗಿಯನ್ನು ಒಗೆಯುವವರು ಯಾರೆಂದು ಕೇಳಲಿ, ಈ ತಿಂಗಳ ಚೀಟಿಯ ದುಡ್ಡು ಎಲ್ಲಿ ಎಂದು ಕೇಳಲಿ, ಸಂಪಿನ ಮೋಟಾರನ್ನು ಆರಿಸಿ ಬಂದೆಯಾ ಎಂದು ಕೇಳಲಿ.