ಟೆಸ್ಟ್ ಕ್ರಿಕೆಟ್ಟೂ ಸಣ್ಣ ರಾಷ್ಟ್ರಗಳೂ

2018ನೆಯ ಇಸವಿಯ ಜೂನ್ 14ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆಫ್ಘಾನಿಸ್ಥಾನವು ತನ್ನ ಪ್ರಥಮ ಟೆಸ್ಟ್ ಪಂದ್ಯವನ್ನಾಡಲು ಇಳಿಯಿತು. ಮೊದಲ ದಿನದ ಊಟದ ವಿರಾಮಕ್ಕೆ ಮುಂಚೆಯೇ ಶಿಖರ ಧವನರು ಶತಕವನ್ನು ಪೂರೈಸಿದರು. ಭಾರತವು 474 ರನ್ನುಗಳನ್ನು ಗಳಿಸಿತು. ಮರುದಿನ, ಒಂದೇ ಹಗಲಿನಲ್ಲಿ, ಆಫ್ಘನ್ ತಂಡವು 109ಕ್ಕೆ ಒಮ್ಮೆಯೂ 103ಕ್ಕೆ ಮತ್ತೊಮ್ಮೆಯೂ ಉರುಳಿ, ಇನ್ನಿಂಗ್ಸು ಮತ್ತು 262 ರನ್ನುಗಳಿಂದ ಪರಾಭವಗೊಂಡಿತು. ಐದು ದಿವಸದ ಪಂದ್ಯವು ಎರಡೇ ದಿವಸದಲ್ಲಿ ಮುಗಿಯಿತು. ಇಂಥವರಿಗೆ ಟೆಸ್ಟ್ ಪದವಿ ಯಾತಕ್ಕೆ ಎಂಬ ಪ್ರಶ್ನೆಯು ಅಂದು ಹುಟ್ಟಿದುದು ಇಂದಿಗೂ ಅಡಗಿಲ್ಲ.

ಹೀಗೆ ಕೇಳತಕ್ಕ ಮಹಾಶಯರು 1952ರ ಜುಲೈ ತಿಂಗಳನ್ನು ಸ್ಮರಿಸಿಕೊಳ್ಳುವುದು ಒಳ್ಳೆಯದು. ಮ್ಯಾಂಚೆಸ್ಟರಿನಲ್ಲಿ ಇಂಗ್ಲೆಂಡಿನೆದುರು ಒಂದೇ ದಿನದಲ್ಲಿ 58ಕ್ಕೂ 82ಕ್ಕೂ ಎರಡು ಸಲ ಉರುಳಿದ ತಂಡವು ಯಾವುದು? ನಮ್ಮದೇ. ಅದಾಗಲೇ ನಾವು ಟೆಸ್ಟ್ ಆಡಲಾರಂಭಿಸಿ ಇಪ್ಪತ್ತು ವರುಷಗಳಾಗಿದ್ದವು. 1932ರಲ್ಲಿ ನಾಯುಡುಗಳ ನಾಯಕತ್ವದಲ್ಲಿ ಲಾರ್ಡ್ಸಿನಲ್ಲಿ ಮೊದಲ ಪಂದ್ಯವನ್ನಾಡಿದ ಭಾರತವು ಮೊದಲ ಜಯವನ್ನು ಕಂಡುದು 1952ರ ಫೆಬ್ರವರಿಯಲ್ಲಿ, ಮದರಾಸಿನಲ್ಲಿ. ಅದೂ ಹಟ್ಟನ್, ಕಾಂಪ್ಟನ್ ಮೊದಲಾದ ಅಗ್ರಗಣ್ಯರನ್ನು ಮನೆಯಲ್ಲಿಯೇ ಬಿಟ್ಟುಬಂದಿದ್ದ ಇಂಗ್ಲಿಷ್ ತಂಡದ ಮೇಲೆ. ಆದರೂ ಅವರು ಬಂದರು, ನಮ್ಮನ್ನೂ ಕರೆದರು. ಅಂದು ಪಂಕ್ತಿಯಿಂದ ನಮ್ಮನ್ನು ಎಬ್ಬಿಸಿ ಕಳುಹಿಸಿದ್ದರೆ ಭಾರತದ ಕ್ರಿಕೆಟ್ಟಿನ ಕಥೆಯು ಏನಾಗುತ್ತಿತ್ತು? ಇತ್ತ ಆಫ್ಘನ್ನರಾದರೋ ಬೆಂಗಳೂರಿನ ಸೋಲಿನ ಹದಿನೈದು ತಿಂಗಳಿಗೇ, 2019ರ ಸೆಪ್ಟೆಂಬರಿನಲ್ಲಿ, ಬಾಂಗ್ಲಾದೇಶವನ್ನು ಅದರ ನೆಲದಲ್ಲಿಯೇ 224 ರನ್ನುಗಳಿಂದ ಸೋಲಿಸಿದರು.

ನೀರಿಗಿಳಿಯದೆ ಈಜು ಬಾರದು. 2017ರ ಜೂನಿನಲ್ಲಿ ಐರ್ಲೆಂಡಿಗೂ ಆಫ್ಘಾನಿಸ್ಥಾನಕ್ಕೂ ಪೂರ್ಣ ಸದಸ್ಯತ್ವವನ್ನು ದಯಪಾಲಿಸಿದ ಅಂತಾರಾಷ್ಟ್ರೀಯ ಕ್ರಿಕೆಟ್ ಮಂಡಲಿಯು ಪದವಿಯನ್ನು ಕೊಟ್ಟಿತೇ ಹೊರತು ಆಟವನ್ನು ಕೊಡಲಿಲ್ಲ. 2022ರ ಒಂದು ವರುಷದಲ್ಲಿಯೇ ಇಂಗ್ಲೆಂಡು 15 ಟೆಸ್ಟುಗಳನ್ನಾಡಿತು. ಆಫ್ಘಾನಿಸ್ಥಾನಕ್ಕೆ 2018ರಿಂದ 2025ರವರೆಗಿನ ಎಂಟು ವರುಷಗಳಲ್ಲಿ ದೊರೆತವು 12. ಐರ್ಲೆಂಡಿನ ಸ್ಥಿತಿಯೂ ಅಷ್ಟೆ. 2019ರ ಜುಲೈಯಲ್ಲಿ ಲಾರ್ಡ್ಸಿನಲ್ಲಿ ಇಂಗ್ಲೆಂಡನ್ನು 85ಕ್ಕೆ ಕೆಡವಿ, ಕೊನೆಗೆ ತಾನು 38ಕ್ಕೆ ಕುಸಿದ ಆ ತಂಡಕ್ಕೆ ಮುಂದಿನ ಟೆಸ್ಟು ಸಿಕ್ಕುದು 2023ರ ಏಪ್ರಿಲಿನಲ್ಲಿ! ಸೋಲಿನಿಂದ ಪಾಠ ಕಲಿಯಬೇಕೆನ್ನುವರು. ಪಾಠಶಾಲೆಯ ಬಾಗಿಲನ್ನೇ ನಾಲ್ಕು ವರುಷ ಮುಚ್ಚಿದರೆ ಕಲಿಯುವುದೆಲ್ಲಿ? 2019ರಲ್ಲಿ ಸ್ಥಾಪಿತವಾದ ವಿಶ್ವ ಟೆಸ್ಟ್ ಚಾಂಪಿಯನ್‌ಷಿಪ್ಪಿನಲ್ಲಿ ಒಂಬತ್ತು ರಾಷ್ಟ್ರಗಳಿಗೆ ಮಾತ್ರ ಎಲೆ ಹಾಕಿ, ಈ ಎರಡನ್ನೂ ಜಿಂಬಾಬ್ವೆಯನ್ನೂ ಹೊರಗಿನ ಜಗಲಿಯಲ್ಲಿ ಕೂರಿಸಿದರು.

ಇಪ್ಪತ್ತು ಓವರಿನ ಆಟದಲ್ಲಿ ಒಬ್ಬಿಬ್ಬರು ಚತುರರಿದ್ದರೆ ದೊಡ್ಡವರನ್ನೂ ಒಂದು ಸಂಜೆ ಬೀಳಿಸಬಹುದು. ಟೆಸ್ಟು ಹಾಗಲ್ಲ. ಮೂರನೆಯ ದಿನದ ಮಧ್ಯಾಹ್ನ, ಚೆಂಡು ಹಳತಾಗಿ, ಪಿಚ್ಚು ಸತ್ತಂತೆ ಬಿದ್ದಿರುವಾಗ ದಣಿದ ಬೌಲರನು ಏನು ಮಾಡತಕ್ಕದ್ದೆಂಬುದು ನಾಲ್ಕು ದಿನಗಳ ದೇಶೀಯ ಪಂದ್ಯಗಳನ್ನು ವರುಷವರುಷವೂ ಆಡಿದವನಿಗೆ ಮಾತ್ರ ತಿಳಿಯುವುದು. ನಮ್ಮಲ್ಲಿ ಈ ಕೆಲಸವನ್ನು 1934ರಿಂದ ರಣಜಿ ಪಂದ್ಯಾವಳಿಯು ಮಾಡುತ್ತ ಬಂದಿದೆ. ಹದಿನೈದು ವರುಷ ಬಿಡದೆ ಕಪ್ಪನ್ನು ಹಿಡಿದಿದ್ದ ಬೊಂಬಾಯಿಯನ್ನು 1973-74ರಲ್ಲಿ ಪ್ರಸನ್ನರ ಕರ್ನಾಟಕವು ಕೆಳಗಿಳಿಸಿತಲ್ಲವೆ? ಬಲಿಷ್ಠರಿಂದ ಪದೇ ಪದೇ ಪೆಟ್ಟು ತಿಂದೇ ಆ ಶಕ್ತಿಯು ಬಂದಿತು.

ಆದರೆ ಇದಕ್ಕೆಲ್ಲ ಹಣ ಬೇಕು. ಟೆಸ್ಟ್ ಪಂದ್ಯದ ಪ್ರಸಾರದ ಆದಾಯವೂ ಬಾಗಿಲಿನ ಆದಾಯವೂ ಆತಿಥೇಯ ರಾಷ್ಟ್ರಕ್ಕೇ ಸೇರತಕ್ಕವು. ಬಂದ ಅತಿಥಿಗೆ ಪಾಲಿಲ್ಲ. ಭಾರತವೋ ಇಂಗ್ಲೆಂಡೋ ಮನೆಗೆ ಬಂದರೆ ಬಡವನ ಬೊಕ್ಕಸವು ತುಂಬುವುದು. ಬಡವನು ಬಡವನನ್ನೇ ಕರೆದರೆ ಖರ್ಚು ಮಾತ್ರ ಉಳಿಯುವುದು. ಐರ್ಲೆಂಡಿಗೆ ಸ್ವಂತದ್ದೆನ್ನಬಹುದಾದ ದೊಡ್ಡ ಕ್ರೀಡಾಂಗಣವೇ ಇಲ್ಲದ ಕಾರಣ, 2018ರಲ್ಲಿ ಮ್ಯಾಲಹೈಡಿನಲ್ಲಿ ತನ್ನ ಪ್ರಥಮ ಟೆಸ್ಟಿಗಾಗಿ ತಾತ್ಕಾಲಿಕ ಅಟ್ಟಣೆಗಳನ್ನು ಕಟ್ಟಿ, ಮುಗಿದ ಮೇಲೆ ಬಿಚ್ಚಬೇಕಾಯಿತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬಂತೆ, ಟೆಸ್ಟ್ ಪದವಿಯೇ ಅವರಿಗೆ ಭಾರವಾಗಿದೆ. ಇನ್ನು ಅಂತಾರಾಷ್ಟ್ರೀಯ ಮಂಡಲಿಯ ನಿಧಿಯು ಹೇಗೆ ಹಂಚಲ್ಪಡುವುದೆಂದರೆ, 2024ರಿಂದ 2027ರವರೆಗಿನ ವ್ಯವಸ್ಥೆಯಲ್ಲಿ ಭಾರತದ ಬೋರ್ಡಿಗೆ ನೂರಕ್ಕೆ 38.5, ಇಂಗ್ಲೆಂಡಿಗೆ ಏಳಕ್ಕೆ ತುಸು ಕಡಿಮೆ, ಐರ್ಲೆಂಡು, ಜಿಂಬಾಬ್ವೆ, ಆಫ್ಘಾನಿಸ್ಥಾನಗಳಿಗೆ ಒಬ್ಬೊಬ್ಬರಿಗೆ ಸುಮಾರು ಮೂರು. ಗಳಿಕೆಯ ಬಹುಭಾಗವು ಭಾರತದ ನೋಟಕರಿಂದಲೇ ಬರುವುದೆಂಬ ಸಮರ್ಥನೆಯುಂಟು, ಅದು ಸುಳ್ಳೂ ಅಲ್ಲ. ಆದರೆ ಎದುರಾಳಿಗಳೇ ಇಲ್ಲದ ಅಂಗಳದಲ್ಲಿ ನೋಟಕರು ಎಷ್ಟು ದಿನ ಕುಳಿತಾರು?

ಹಣವಿಲ್ಲದಲ್ಲಿ ಜನರೂ ನಿಲ್ಲರು. ಡಬ್ಲಿನ್ನಿನಲ್ಲಿ ಹುಟ್ಟಿ ಐರ್ಲೆಂಡಿಗಾಗಿ ಆಡಿದ ಇಯಾನ್ ಮಾರ್ಗನರು ಟೆಸ್ಟ್ ಆಡಬೇಕೆಂಬ ಆಸೆಯಿಂದ ಇಂಗ್ಲೆಂಡನ್ನು ಸೇರಿ, 2019ರಲ್ಲಿ ಆ ದೇಶಕ್ಕೇ ವಿಶ್ವಕಪ್ಪನ್ನು ಗೆದ್ದುಕೊಟ್ಟರು. ಇದಕ್ಕಾಗಿ ಅವರನ್ನು ದೂಷಿಸಲು ನಮಗೆ ಮನಸ್ಸು ಬಾರದು.

ಎಲ್ಲ ತಪ್ಪನ್ನೂ ದೊಡ್ಡವರ ತಲೆಗೆ ಕಟ್ಟುವುದೂ ನ್ಯಾಯವಲ್ಲ. 1992ರಲ್ಲಿ ಟೆಸ್ಟ್ ಪದವಿಯನ್ನು ಪಡೆದು, ಮೊದಲ ಪಂದ್ಯದಲ್ಲಿಯೇ ಭಾರತದೊಡನೆ ಡ್ರಾ ಮಾಡಿಕೊಂಡ ಜಿಂಬಾಬ್ವೆಯು ಮುಂದೆ ತನ್ನ ಮನೆಯನ್ನು ತಾನೇ ಕೆಡಿಸಿಕೊಂಡಿತು. 2003ರಲ್ಲಿ ಆಂಡಿ ಫ್ಲವರ್, ಹೆನ್ರಿ ಒಲಂಗಾ ಎಂಬ ಇಬ್ಬರು ಸ್ವದೇಶದಲ್ಲಿ ಪ್ರಜಾಸತ್ತೆಯು ಸತ್ತಿತೆಂದು ತೋಳಿಗೆ ಕಪ್ಪು ಪಟ್ಟಿಯನ್ನು ಕಟ್ಟಿ ಆಡಿದರು, ಮತ್ತೆ ಆ ನಾಡಿಗಾಗಿ ಬಹುಕಾಲ ಆಡಲಾಗಲಿಲ್ಲ. ಮರುವರುಷ ಬೋರ್ಡಿನೊಡನೆ ಜಗಳವಾಗಿ ಅನೇಕ ನುರಿತ ಆಟಗಾರರು ಹೊರನಡೆದರು. 2005ರಿಂದ 2011ರವರೆಗೆ ಟೆಸ್ಟ್ ಆಟವೇ ನಿಂತುಹೋಯಿತು. ಆಫ್ಘಾನಿಸ್ಥಾನದ ವಿಷಯವು ಇನ್ನೂ ಕಠಿನ. 2021ರ ಆಗಸ್ಟಿನಲ್ಲಿ ತಾಲಿಬಾನರು ಅಧಿಕಾರಕ್ಕೆ ಬಂದಮೇಲೆ ಅಲ್ಲಿಯ ಸ್ತ್ರೀಯರಿಗೆ ಆಟವು ನಿಷಿದ್ಧವಾಗಿ, ಆಟಗಾರ್ತಿಯರು ಆಸ್ಟ್ರೇಲಿಯಾದಲ್ಲಿ ಆಶ್ರಯ ಪಡೆಯಬೇಕಾಯಿತು. ಆಸ್ಟ್ರೇಲಿಯಾವು ಇದೇ ಕಾರಣದಿಂದ ಹೋಬಾರ್ಟಿನ ಟೆಸ್ಟನ್ನು ಮುಂದಕ್ಕೆ ಹಾಕಿತು. ನಿರಾಶ್ರಿತರ ಶಿಬಿರಗಳಿಂದ ಮೇಲೆದ್ದು ಬಂದ ಪುರುಷ ತಂಡಕ್ಕೆ ಆಟವನ್ನು ನಿರಾಕರಿಸುವುದು ನಮಗೆ ಸರಿತೋರದು. ಆದರೆ ಓಡಿಬಂದ ಆ ಹೆಣ್ಣುಮಕ್ಕಳನ್ನೂ ಆಫ್ಘಾನಿಸ್ಥಾನದ ತಂಡವೆಂದೇ ಮನ್ನಿಸಿ ಆಡಿಸದಿರುವುದು ಮಂಡಲಿಯ ಹೇಡಿತನವೆನ್ನದೆ ವಿಧಿಯಿಲ್ಲ.

ಕಾಲಾವಕಾಶವಿತ್ತರೆ ಏನಾಗಬಹುದೆಂಬುದಕ್ಕೆ ನ್ಯೂಜೀಲೆಂಡಿನಷ್ಟು ಸೊಗಸಾದ ನಿದರ್ಶನ ಬೇರೆ ಇಲ್ಲ. 1946ರಲ್ಲಿ ವೆಲಿಂಗ್ಟನ್ನಿನಲ್ಲಿ ಆಸ್ಟ್ರೇಲಿಯಾವು ಅವರನ್ನು 42ಕ್ಕೂ 54ಕ್ಕೂ ಉರುಳಿಸಿ, ಎರಡೇ ದಿನಗಳಲ್ಲಿ ಗೆದ್ದು, ಮತ್ತೆ 1973ರವರೆಗೆ ಆ ನೆರೆಯವರೊಡನೆ ಒಂದು ಟೆಸ್ಟನ್ನೂ ಆಡಲಿಲ್ಲ. 1930ರಲ್ಲಿ ಆರಂಭಿಸಿದ ನ್ಯೂಜೀಲೆಂಡು ಮೊದಲ ಜಯಕ್ಕಾಗಿ 1956ರವರೆಗೆ ಕಾಯಿತು. ನಡುವೆ 1955ರಲ್ಲಿ 26 ರನ್ನುಗಳಿಗೆ ಮುಗಿದು, ಇಂದಿಗೂ ಟೆಸ್ಟಿನ ಅತಿ ಕಡಿಮೆ ಮೊತ್ತವೆಂಬ ಅಪಕೀರ್ತಿಯನ್ನು ಹೊತ್ತಿದೆ. ಐವತ್ತು ಲಕ್ಷದಷ್ಟು ಜನರಿರುವ ಆ ದೇಶವೇ 2021ರಲ್ಲಿ ಭಾರತವನ್ನು ಸೋಲಿಸಿ ವಿಶ್ವ ಟೆಸ್ಟ್ ಚಾಂಪಿಯನ್ನಾಯಿತು. 2024ರ ಅಕ್ಟೋಬರಿನಲ್ಲಿ ಅದೇ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಮ್ಮನ್ನು 46ಕ್ಕೆ ಉರುಳಿಸಿತು. ಆ ಪಂದ್ಯದಲ್ಲಿ ಅವರ ಪರ 134 ಹೊಡೆದ ರಚಿನ್ ರವೀಂದ್ರರ ತಂದೆತಾಯಿಗಳು ಬೆಂಗಳೂರಿನವರೆಂಬುದನ್ನು ನೆನೆದು ನಮ್ಮ ಊರಿನವರು ಸಮಾಧಾನಪಟ್ಟುಕೊಂಡರು!

1909ರಲ್ಲಿ ಇಂಪೀರಿಯಲ್ ಎಂಬ ಹೆಸರಿನಿಂದಲೇ ಹುಟ್ಟಿದ ಮಂಡಲಿಯಲ್ಲಿ 1993ರವರೆಗೆ ಇಂಗ್ಲೆಂಡಿಗೂ ಆಸ್ಟ್ರೇಲಿಯಾಕ್ಕೂ ನಿಷೇಧಾಧಿಕಾರವಿದ್ದಿತು. ಆ ದೊರೆತನವನ್ನು ಮುರಿಯುವುದರಲ್ಲಿ ಭಾರತವೇ ಮುಂದಾಗಿತ್ತೆಂಬುದು ನಮಗೆ ಹೆಮ್ಮೆ. ಇಂದು ಅಧಿಕಾರವೂ ಹಣವೂ ನಮ್ಮ ಕೈಯಲ್ಲಿವೆ. ಆದರೆ 2000ದಲ್ಲಿ ಢಾಕಾದಲ್ಲಿ ಬಾಂಗ್ಲಾದೇಶದ ಪ್ರಥಮ ಟೆಸ್ಟನ್ನಾಡಿದ ನಾವು, ಅವರನ್ನು ಟೆಸ್ಟಿಗಾಗಿ ನಮ್ಮ ಮನೆಗೆ ಕರೆದುದು 2017ರಲ್ಲಿ. ಜಿಂಬಾಬ್ವೆಯೊಡನೆ 2005ರಿಂದ ಇಪ್ಪತ್ತು ವರುಷ ಒಂದು ಟೆಸ್ಟನ್ನೂ ಆಡಲಿಲ್ಲ. ಐರ್ಲೆಂಡಿನೊಡನೆ 2025ರ ಕೊನೆಯವರೆಗೆ ಆಡಿಯೇ ಇಲ್ಲ. ಹಿಂದೆ ಲಂಡನ್ನಿನವರು ಮಾಡುತ್ತಿದ್ದುದಕ್ಕೂ ಇದಕ್ಕೂ ಏನು ಭೇದ? ಟೆಸ್ಟ್ ರಾಷ್ಟ್ರಗಳನ್ನು ಮೇಲು ಕೀಳು ಎಂದು ಎರಡು ದರ್ಜೆಗಳಾಗಿ ವಿಂಗಡಿಸುವ ಸೂಚನೆಯು 2016ರಲ್ಲಿ ಬಂದಾಗ ಭಾರತವು ಸಣ್ಣವರ ಪಕ್ಷವನ್ನು ಹಿಡಿದು ವಿರೋಧಿಸಿತು. 2025ರಲ್ಲಿ ಅದೇ ಸೂಚನೆಯು ಮತ್ತೆ ತಲೆಯೆತ್ತಿತು. ನಮ್ಮ ಬೋರ್ಡು ಅಂದಿನ ನಿಲುವಿನಿಂದ ಜಾರಕೂಡದು.

2025ರ ಮೇ ತಿಂಗಳಿನಲ್ಲಿ ನಾಟಿಂಗ್‌ಹ್ಯಾಮಿನಲ್ಲಿ ಆಡಲು ಬಂದ ಜಿಂಬಾಬ್ವೆಗೆ ಇಂಗ್ಲೆಂಡಿನ ಬೋರ್ಡು ಪ್ರವಾಸದ ಶುಲ್ಕವನ್ನು ಕೊಟ್ಟಿತು. ನಮ್ಮನ್ನಾಳಿದವರು ಇಷ್ಟನ್ನು ಮಾಡಬಹುದಾದರೆ ನಮಗೇನು ಅಡ್ಡಿ? ಭಾರತಕ್ಕೆ ಬರುವ ಸಣ್ಣ ರಾಷ್ಟ್ರಗಳ ತಂಡಕ್ಕೆ ಪ್ರಸಾರದ ಆದಾಯದಲ್ಲಿ ನಿಶ್ಚಿತ ಪಾಲನ್ನು ಕೊಡಬೇಕು. ನಮ್ಮ ‘ಎ’ ತಂಡವನ್ನು ಪ್ರತಿ ವರುಷವೂ ಅವರಲ್ಲಿಗೆ ನಾಲ್ಕು ದಿನಗಳ ಪಂದ್ಯಗಳಿಗಾಗಿ ಕಳುಹಿಸಬೇಕು. ಎರಡು ವರುಷಕ್ಕೊಮ್ಮೆಯಾದರೂ ಹರಾರೆಯಲ್ಲಿ ಇಲ್ಲವೆ ಡಬ್ಲಿನ್ನಿನಲ್ಲಿ ಭಾರತದ ಪೂರ್ಣ ತಂಡವು ಒಂದು ಟೆಸ್ಟನ್ನಾಡಬೇಕು. 2027ರಿಂದ ಮುಂದಿನ ಪ್ರವಾಸಗಳ ಪಟ್ಟಿಯನ್ನು ತಯಾರಿಸುವಾಗಲೇ ಬೋರ್ಡಿನವರು ಇವುಗಳಿಗೆ ದಿನಗಳನ್ನು ಗುರುತುಮಾಡಿಕೊಳ್ಳಬೇಕೆಂದು ನಾವು ಒತ್ತಾಯಿಸುತ್ತೇವೆ.