ಅಜ್ಜನ ಅಂಬಾಸಿಡರ್ ಬಿಟ್ಟು ಮಾರುತಿ 800 ತಗೊಂಡೆ

ಕೊರವಂಗಲದ ನಮ್ಮನೆ ಹಿಂದಿನ ಕೊಟ್ಟಿಗೆಯಲ್ಲಿ ಅಜ್ಜನ ಅಂಬಾಸಿಡರ್ ಹನ್ನೆರಡು ವರ್ಷದಿಂದ ನಿಂತಿದೆ. ಬಾನೆಟ್ ಮೇಲೆ ಆಲೂಗಡ್ಡೆ ಮೂಟೆ, ಒಳಗೆ ಇಲಿ ಸಂಸಾರ. ಚಿಕ್ಕವರಿದ್ದಾಗ ಹಾಸನಕ್ಕೆ ಹೋಗೋದು ಅಂದ್ರೆ ಅದರ ಹಿಂದಿನ ಸೀಟಲ್ಲಿ ನಾವು ಆರು ಮಕ್ಕಳು. ಹಾಗಾಗಿ ಲೋನ್ ಒಂದು ತೀರಿದ ತಿಂಗಳು ಮನೇಲಿ ಹೇಳಿಬಿಟ್ಟೆ, "ಆ ಕಾರನ್ನ ನಾನೇ ರೆಡಿ ಮಾಡ್ತೀನಿ" ಅಂತ. ಅಪ್ಪ ಜಾಸ್ತಿ ಮಾತಾಡೋರಲ್ಲ. ಅವತ್ತು ಸಂಜೆ ಅವರೇ ಹೋಗಿ ಮೂಟೆ ಇಳಿಸಿದ್ರು.

ಒಂದೂವರೆ ವರ್ಷ ಆಯ್ತು. ಅಂಬಾಸಿಡರ್ ಇನ್ನೂ ಅಲ್ಲೇ ಇದೆ. ಪಕ್ಕದಲ್ಲಿ 1998ರ ಬಿಳಿ ಮಾರುತಿ 800 ಇದೆ, ಅದು ಓಡುತ್ತೆ. ಹಳೇ ಕಾರು ತಗೊಂಡು ವೀಕೆಂಡಲ್ಲಿ ರಿಪೇರಿ ಮಾಡೋ ಆಸೆ ನಿಮಗೂ ಇದ್ರೆ, ನನಗೆ ತಡವಾಗಿ ಗೊತ್ತಾದದ್ದನ್ನ ಮೊದಲೇ ಹೇಳಿಬಿಡ್ತೀನಿ. ಹೊಸಬರು ಎಂಜಿನ್‌ಗೆ ಹೆದರ್ತಾರೆ. ನಿಜವಾಗಿ ಹೆದರಬೇಕಾದ್ದು ಕಾಗದಕ್ಕೆ ಮತ್ತು ತುಕ್ಕಿಗೆ.

ಮೊದಲು ಕಾಗದ

ಅಂಬಾಸಿಡರ್ ಆರ್‌ಸಿ ಅಜ್ಜನ ಹೆಸರಲ್ಲಿದೆ. ಮಾಲೀಕರು ತೀರಿಕೊಂಡ ಮೂರು ತಿಂಗಳೊಳಗೆ ವಾರಸುದಾರರು ಆರ್‌ಟಿಓಗೆ ಫಾರಂ 31 ಕೊಟ್ಟು ಹೆಸರು ಬದಲಾಯಿಸಿಕೊಳ್ಳಬೇಕು. ನಮ್ಮನೇಲಿ ಯಾರೂ ಹೋಗಿರಲಿಲ್ಲ. ಈಗ ನನ್ನ ಹೆಸರಿಗೆ ಆಗಬೇಕು ಅಂದ್ರೆ ಅಪ್ಪ, ದೊಡ್ಡಪ್ಪ, ಇಬ್ಬರು ಅತ್ತೆಯರು ಎಲ್ಲರ ಒಪ್ಪಿಗೆ ಬೇಕು. ತೋಟದ ಭಾಗವೇ ಇನ್ನೂ ಆಗಿಲ್ಲ. ದೊಡ್ಡತ್ತೆಗೆ ಫೋನ್ ಮಾಡಿದೆ. "ಇವತ್ತು ಕಾರಿಗೆ ಸೈನ್ ಹಾಕು ಅಂತೀರ, ನಾಳೆ ತೋಟಕ್ಕೂ ಅಂತೀರ" ಅಂದ್ರು. ಅಪ್ಪನಿಗೆ ಹೇಳಿದಾಗ ಅವರು ಹೇಳಿದ್ದು ಒಂದೇ ಮಾತು: "ಒಂದು ಕಾರಿಗೋಸ್ಕರ ಅಕ್ಕನ ಜೊತೆ ಮಾತು ಬಿಡಕ್ಕಾಗಲ್ಲ ಕಣೋ."

ಅಲ್ಲಿಗೆ ಮುಗೀತು. ಮನೆ ಕಾರು ಫ್ರೀ ಅಂದುಕೊಂಡಿದ್ದೆ. ನಮಗೆ ಬೀಳ್ತಿದ್ದ ಬೆಲೆಯೇ ಬೇರೆ ಇತ್ತು.

ಬೇರೆಯವರ ಕಾರು ತಗೊಳ್ಳುವಾಗಲೂ ಇದೇ ಮೊದಲು ನೋಡಿ. ಮಾರ್ತಿರೋರ ಹೆಸರಲ್ಲೇ ಆರ್‌ಸಿ ಇದೆಯಾ? ಬಾನೆಟ್ ಒಳಗಿನ ಚಾಸಿಸ್ ನಂಬರ್, ಎಂಜಿನ್ ನಂಬರ್ ಆರ್‌ಸಿ ಜೊತೆ ಹೊಂದುತ್ತಾ? ಹಳೇ ಲೋನ್ ತೀರಿದ್ರೂ ಬ್ಯಾಂಕ್ ಹೆಸರು ಹಾಗೇ ಉಳಿದಿದ್ರೆ ಫಾರಂ 35 ಬೇಕು. ವರ್ಗಾವಣೆಗೆ ಫಾರಂ 29, 30. ಹೊರ ರಾಜ್ಯದ ನಂಬರ್ ಇರೋ ಕಾರು ಅಗ್ಗಕ್ಕೆ ಸಿಗುತ್ತೆ, ಆದ್ರೆ ಎನ್‌ಓಸಿ ತರಬೇಕು, ಇಲ್ಲಿ ಮತ್ತೆ ಲೈಫ್ ಟ್ಯಾಕ್ಸ್ ಕಟ್ಟಬೇಕು. ಮೊದಲ ಕಾರಿಗೆ ಆ ತಲೆನೋವು ಬೇಡ.

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಆಮೇಲೆ ಪರೀಕ್ಷೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಣ. 2025ರ ಆಗಸ್ಟ್‌ನಲ್ಲಿ ಬಂದ ತಿದ್ದುಪಡಿ ಪ್ರಕಾರ 20 ವರ್ಷ ದಾಟಿದ ಕಾರಿಗೆ ಈ ನವೀಕರಣ ಶುಲ್ಕ 10,000 ರೂಪಾಯಿ. ನಾನು ತಗೊಂಡ 800ಕ್ಕೆ 2028ರವರೆಗೆ ಆರ್‌ಸಿ ಜೀವಂತ ಇತ್ತು. ಅದನ್ನ ಆರಿಸೋಕೆ ಅದೇ ಅರ್ಧ ಕಾರಣ.

ಆಮೇಲೆ ತಳ

ಕಾಗದದ ವಿಷಯ ಗೊತ್ತಾಗೋ ಮುಂಚೆ ಹಾಸನದಿಂದ ಒಬ್ಬ ಟಿಂಕರಿಂಗ್ ಕೆಲಸದವರನ್ನ ಕರ್ಕೊಂಡು ಬಂದಿದ್ದೆ. ಅವರು ಬಾನೆಟ್ ತೆಗೀಲೇ ಇಲ್ಲ. ಮ್ಯಾಟ್ ಎತ್ತಿ ಸ್ಕ್ರೂಡ್ರೈವರಲ್ಲಿ ತಳ ಕುಟ್ಟಿದ್ರು. ಅದು ಬಿಸ್ಕತ್ತಿನ ಹಾಗೆ ಒಳಗೆ ಹೋಯ್ತು. "ಎಂಜಿನ್ ಬಿಡಿ ಸಾರ್, ಬಿಚ್ಚಿ ಮಾಡಬಹುದು. ತಳ ಹೋದ್ರೆ ದುಡ್ಡಿಗೆ ಲೆಕ್ಕ ಇರಲ್ಲ" ಅಂದ್ರು.

ಅವರ ಮಾತು ನಿಜ. ಎಂಜಿನ್ ಕೆಟ್ಟರೆ ಯಾವ ಭಾಗ ಅಂತ ಪಟ್ಟಿ ಮಾಡಬಹುದು, ಅಂಗಡೀಲಿ ತರಬಹುದು. ತುಕ್ಕು ಹಾಗಲ್ಲ, ಕತ್ತರಿಸ್ತಾ ಹೋದಷ್ಟೂ ಒಳಗೆ ಸಿಗುತ್ತೆ. ಆಮೇಲೆ ಕಾರು ನೋಡಕ್ಕೆ ಹೋದಾಗೆಲ್ಲ ನಾನು ಜೇಬಲ್ಲಿ ಬಟ್ಟೆ ಸುತ್ತಿದ ಒಂದು ಅಯಸ್ಕಾಂತ ಇಟ್ಟುಕೊಳ್ತಿದ್ದೆ. ತಗಡಿಗೆ ಅಂಟುತ್ತೆ, ಪುಟ್ಟಿಗೆ ಅಂಟಲ್ಲ. ಬೆಂಗಳೂರಲ್ಲಿ ಫಳಫಳ ಹೊಳೀತಿದ್ದ ಒಂದು ಪದ್ಮಿನಿಗೆ ಅಡ್ವಾನ್ಸ್ ಕೊಡೋದರಲ್ಲಿದ್ದೆ. ಬಾಗಿಲ ಕೆಳಭಾಗದಲ್ಲಿ ಅಯಸ್ಕಾಂತ ಜಾರಿ ಕೆಳಗೆ ಬಿತ್ತು. ವಾಪಸ್ ಬಂದೆ.

ನೋಡಬೇಕಾದ ಜಾಗಗಳು: ಬಾಗಿಲ ಕೆಳಗಿನ ಪಟ್ಟಿ, ಮುಂದಿನ ಮ್ಯಾಟ್ ಅಡಿ, ಡಿಕ್ಕೀಲಿ ಸ್ಟೆಪ್ನಿ ಕೂರೋ ಗುಳಿ, ಬ್ಯಾಟರಿ ಕೆಳಗೆ, ಮುಂದಿನ ಗಾಜಿನ ಸುತ್ತ. ಕರಾವಳಿಯಲ್ಲಿ, ಮಲೆನಾಡಲ್ಲಿ ಓಡಿದ ಕಾರಾದ್ರೆ ಎರಡು ಸಲ ನೋಡಿ.

ಎಂಜಿನ್‌ಗೆ ಮೂರೇ ಪರೀಕ್ಷೆ ಸಾಕು. ನೀವು ಹೋಗೋ ಮುಂಚೆ ಸ್ಟಾರ್ಟ್ ಮಾಡಬೇಡಿ ಅಂತ ಹೇಳಿರಿ, ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡಿ, ತಣ್ಣಗಿರಬೇಕು. ಆಯಿಲ್ ಮುಚ್ಚಳದ ಒಳಗೆ ಮಜ್ಜಿಗೆ ಥರ ಬೆಳ್ಳಗಿದ್ರೆ ಆಯಿಲ್ ಜೊತೆ ನೀರು ಸೇರ್ತಿರಬಹುದು. ಹೊಗೆ ನೀಲಿಯಾಗಿದ್ರೆ ಆಯಿಲ್ ಉರೀತಿದೆ. ಇದೆಲ್ಲ ಇದ್ದರೂ ಕಾರು ಬಿಡಲೇಬೇಕಂತಿಲ್ಲ, ಬೆಲೆ ಇಳಿಸೋಕೆ ಕಾರಣ ಸಿಕ್ತು ಅಷ್ಟೆ.

ಯಾವ ಕಾರು?

ಪದ್ಮಿನಿ, ಕಾಂಟೆಸ್ಸಾ ನೋಡಕ್ಕೆ ಚೆಂದ. ನಿಂತು ಇಪ್ಪತ್ತು ವರ್ಷದ ಮೇಲಾಯ್ತು, ಒಂದೊಂದು ಬೀಡಿಂಗ್‌ಗೂ ಊರೂರು ಫೋನ್ ಮಾಡಬೇಕು. 50 ವರ್ಷ ದಾಟಿದ ಕಾರುಗಳಿಗೆ 2021ರಿಂದ ವಿಂಟೇಜ್ ನೋಂದಣಿ ಇದೆ, ಆದ್ರೆ ಹಾಗೆ ನೋಂದಣಿ ಆದದ್ದನ್ನ ದಿನಾ ಓಡಿಸೋ ಹಾಗಿಲ್ಲ. ಅಂಥವನ್ನ ಧರ್ಮಸ್ಥಳದ ಮಂಜೂಷಾ ಮ್ಯೂಸಿಯಂಗೆ ಹೋಗಿ ಕಣ್ತುಂಬ ನೋಡಿ ಬನ್ನಿ. ಕಲಿಯೋಕೆ ಬೇರೆ ಕಾರು ಬೇಕು.

ಮಾರುತಿ 800 ಬಂದಿದ್ದು 1983ರ ಡಿಸೆಂಬರ್‌ನಲ್ಲಿ, ನಿಂತಿದ್ದು 2014ರ ಜನವರಿಯಲ್ಲಿ. ಅದೇ 796 ಸಿಸಿ, ಮೂರು ಸಿಲಿಂಡರ್ ಎಂಜಿನ್ ಓಮ್ನಿಯಲ್ಲಿ 2019ರವರೆಗೂ ಬರ್ತಿತ್ತು. ಅದಕ್ಕೇ ಸಾಮಾನು ಹಾಸನದಲ್ಲೇ ಸಿಗುತ್ತೆ, ಇಲ್ಲದಿದ್ರೆ ಬೆಂಗಳೂರಿನ ಜೆ.ಸಿ. ರಸ್ತೆ ಇದೆ. ಹಳೇ ಮಾಡೆಲ್‌ಗಳಲ್ಲಿ ಕಾರ್ಬುರೇಟರ್. ಲ್ಯಾಪ್‌ಟಾಪ್ ಬೇಡ, ಸ್ಪ್ಯಾನರ್ ಸಾಕು. ಕೋಡ್ ಬರೆಯೋ ನನಗೆ, ತಪ್ಪು ಎಲ್ಲಿದೆ ಅಂತ ಕೈಯಲ್ಲಿ ಮುಟ್ಟಿ ಹುಡುಕೋ ಖುಷಿ ಸಿಕ್ಕಿದ್ದು ಇಲ್ಲೇ.

ಲೆಕ್ಕ ಹೇಳಿಬಿಡ್ತೀನಿ. ಕಾರಿಗೆ 42,000. ಟಿಂಕರಿಂಗ್, ಪೇಂಟ್ 38,000. ಬ್ರೇಕ್, ಟೈರ್, ಟೈಮಿಂಗ್ ಬೆಲ್ಟ್, ಹೋಸ್, ಕಾರ್ಬುರೇಟರ್ ಸೇರಿ 27,000. ಅಂದ್ರೆ ಒಟ್ಟು 1,07,000. ಕೈಯಲ್ಲಿರೋ ದುಡ್ಡಲ್ಲಿ ಅರ್ಧಕ್ಕಿಂತ ಕಡಿಮೆ ಕಾರಿಗೆ ಕೊಡಿ, ಉಳಿದದ್ದು ಅದೇ ಕೇಳುತ್ತೆ. ಮೊದಲ ಖರ್ಚು ಬ್ರೇಕಿಗೆ, ಕೊನೇದು ಪೇಂಟಿಗೆ. ಬಣ್ಣ ಹಳೇದೇ ಹೊಡೆಸಿ, ಬದಲಾಯಿಸಿದ್ರೆ ಆರ್‌ಸಿಯಲ್ಲೂ ಬದಲಾಯಿಸಬೇಕು.

ರೆಡಿ ಆದ ಭಾನುವಾರ ಅಪ್ಪನ ಕೈಗೆ ಕೀ ಕೊಟ್ಟೆ. ನಮ್ಮೂರ ಬೂಚೇಶ್ವರ ದೇವಸ್ಥಾನದವರೆಗೆ ಓಡಿಸಿದ್ರು. 1173ರ ಹೊಯ್ಸಳರ ಗುಡಿ, ಅಜ್ಜ ಅಂಬಾಸಿಡರ್ ತಂದಾಗಲೂ ಮೊದಲು ಹೋಗಿದ್ದು ಅಲ್ಲಿಗೇ. ಅಪ್ಪ ಕಾರು ನಿಲ್ಲಿಸಿ, "ಗೇರ್ ಸ್ವಲ್ಪ ಬಿಗಿ" ಅಂದ್ರು. ಮತ್ತೇನೂ ಹೇಳಲಿಲ್ಲ.

ಹೋದ ತಿಂಗಳು ದೊಡ್ಡತ್ತೆ ಊರಿಗೆ ಬಂದಿದ್ರು. ಹಾಸನದ ಬಸ್‌ಸ್ಟ್ಯಾಂಡಿಂದ ಈ 800ರಲ್ಲೇ ಕರ್ಕೊಂಡು ಬಂದೆ. ಕೊಟ್ಟಿಗೆ ಹತ್ತಿರ ಇಳಿದವರು ಅಂಬಾಸಿಡರ್‌ನ ಸುಮ್ಮನೆ ನೋಡ್ತಾ ನಿಂತ್ರು. "ಇಲಿ ಬರದ ಹಾಗೆ ಏನಾದ್ರೂ ಮಾಡೋ" ಅಂದ್ರು. ಸೈನ್ ವಿಷಯ ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಮಾರನೇ ದಿನ ಅದನ್ನ ಇಟ್ಟಿಗೆ ಮೇಲೆ ಏರಿಸಿ, ಟಾರ್ಪಾಲ್ ಹೊದಿಸಿ ಬಂದೆ.

ಎರಡನೇ ಕಾರು ಅದೇ ಆಗಬಹುದು. ಅಷ್ಟರಲ್ಲಿ ನನಗೂ ಕೆಲಸ ಬಂದಿರುತ್ತೆ.