ಪರದೆಯ ಗುಣ ಪೆಟ್ಟಿಗೆಯ ಮೇಲಿರಲಿ

ಲ್ಯಾಪ್‌ಟಾಪ್ ಕೊಳ್ಳಲು ಹೋದವರಿಗೆ ಅಂಗಡಿಯವರು ಪ್ರೊಸೆಸರ್, ರ‍್ಯಾಮ್‌ಗಳ ಗುಣಗಾನವನ್ನು ಸವಿಸ್ತಾರವಾಗಿ ಮಾಡುತ್ತಾರೆ. ಪರದೆಯ ವಿಷಯ ಬಂದಾಗ ಮಾತ್ರ ‘15.6 ಇಂಚು, ಫುಲ್ ಎಚ್‌ಡಿ’ ಎಂಬಲ್ಲಿಗೆ ವಿವರಣೆ ಮುಗಿಯುತ್ತದೆ. ಆದರೆ ನಾವು ದಿನವಿಡೀ ದಿಟ್ಟಿಸುವುದು ಪರದೆಯನ್ನೇ ಅಲ್ಲವೇ?

ಇಂಚು ಹೇಳುವುದು ಗಾತ್ರವನ್ನು. ಫುಲ್ ಎಚ್‌ಡಿ ಹೇಳುವುದು ಚುಕ್ಕೆಗಳ ಎಣಿಕೆಯನ್ನು. ಎರಡೂ ಗುಣಮಟ್ಟವನ್ನು ಹೇಳುವುದಿಲ್ಲ. ಹಳೆಯ ಟಿಎನ್ ತಂತ್ರಜ್ಞಾನದ ಪರದೆಯನ್ನು ಕೆಳಗಿನಿಂದ ನೋಡಿದರೆ ಬಣ್ಣಗಳೇ ತಿರುವುಮುರುವಾಗುತ್ತವೆ. 1990ರ ದಶಕದಲ್ಲಿ ಹಿಟಾಚಿ ಕಂಪನಿ ಮಾರುಕಟ್ಟೆಗೆ ತಂದ ಐಪಿಎಸ್ ಪರದೆಯಲ್ಲಿ ದ್ರವಸ್ಫಟಿಕದ ಅಣುಗಳು ಪರದೆಗೆ ಸಮಾನಾಂತರವಾಗಿಯೇ ಹೊರಳುವುದರಿಂದ ಈ ದೋಷ ಬಹುಮಟ್ಟಿಗೆ ಇಲ್ಲ.

ಹಾಗೆಂದು ಐಪಿಎಸ್ ಎಂಬ ಹೆಸರೊಂದೇ ಭರವಸೆಯಾಗದು. ಅಗ್ಗದ ಲ್ಯಾಪ್‌ಟಾಪ್‌ಗಳ ಐಪಿಎಸ್ ಪರದೆಗಳು ಸಾಮಾನ್ಯವಾಗಿ 250 ನಿಟ್ಸ್ ಪ್ರಕಾಶಕ್ಕೆ, ಶೇ 45 ಎನ್‌ಟಿಎಸ್‌ಸಿ ವರ್ಣವ್ಯಾಪ್ತಿಗೆ ಸೀಮಿತ. ಅಂತರ್ಜಾಲದ ಚಿತ್ರಗಳ ಮಾನದಂಡವಾದ ಎಸ್‌ಆರ್‌ಜಿಬಿಗೆ ಹೋಲಿಸಿದರೆ ಇದು ಮೂರನೇ ಎರಡರಷ್ಟೂ ಅಲ್ಲ. ಕಿಟಕಿಯ ಬೆಳಕು ಬಿದ್ದರೆ ಅಕ್ಷರ ಮಸುಕು. ಕುಂಕುಮದ ಕೆಂಪು ಇಟ್ಟಿಗೆಯ ಬಣ್ಣಕ್ಕೆ ಇಳಿಯುತ್ತದೆ. ಕಡುಗಪ್ಪನ್ನು ತೋರಬಲ್ಲ ದುಬಾರಿ ಒಎಲ್‌ಇಡಿಗಳಲ್ಲೂ ಹಲವು, ಪ್ರಕಾಶ ತಗ್ಗಿಸಲು ಅತಿವೇಗವಾಗಿ ಮಿನುಗುತ್ತವೆ. ಕೆಲವರಿಗೆ ಇದರಿಂದ ತಲೆನೋವು ಬರುತ್ತದೆ.

ನನ್ನ ಆಕ್ಷೇಪ ಅಗ್ಗದ ಪರದೆಯ ಬಗ್ಗೆ ಅಲ್ಲ, ಅದರ ಸುತ್ತಲಿನ ಮೌನದ ಬಗ್ಗೆ. ತಯಾರಕರು ಒಂದೇ ಮಾದರಿಗೆ ಬೇರೆ ಬೇರೆ ಪೂರೈಕೆದಾರರಿಂದ ಪರದೆ ಪಡೆಯುವುದುಂಟು. ಹೀಗಾಗಿ ಅದೇ ಹೆಸರಿನ, ಅದೇ ಬೆಲೆಯ ಎರಡು ಯಂತ್ರಗಳ ಪರದೆ ಬೇರೆಯಾಗಿರಬಹುದು. ಪೂರೈಕೆಯ ಅಡಚಣೆ ತಪ್ಪಿಸಲು ಈ ಕ್ರಮ ಅನಿವಾರ್ಯ ಎಂಬ ವಾದದಲ್ಲಿ ಹುರುಳಿದೆ. ಆದರೆ ಯಾವ ಪೂರೈಕೆದಾರರದ್ದಾದರೂ ಇಂತಿಷ್ಟು ಕನಿಷ್ಠ ಗುಣಮಟ್ಟ ಖಚಿತ ಎಂದು ಮುದ್ರಿಸಲು ಅಡ್ಡಿಯೇನು?

ಸರಕಿನ ಗುಣಮಟ್ಟ, ಪ್ರಮಾಣ, ಮಾನದಂಡ ಮತ್ತು ಬೆಲೆಯನ್ನು ತಿಳಿಯುವುದು ಗ್ರಾಹಕರ ಹಕ್ಕೆಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೇ ಹೇಳುತ್ತದೆ. ಈ ಹಕ್ಕಿಗೆ ಅರ್ಥ ಬರಬೇಕಾದರೆ ಪರದೆಯ ಬಗೆ, ಕನಿಷ್ಠ ಪ್ರಕಾಶ, ಎಸ್‌ಆರ್‌ಜಿಬಿ ವ್ಯಾಪ್ತಿ, ಪ್ರಕಾಶ ತಗ್ಗಿಸುವ ವಿಧಾನ ಈ ನಾಲ್ಕನ್ನು ಪೆಟ್ಟಿಗೆಯ ಮೇಲೆ ನಮೂದಿಸುವುದನ್ನು ಸರ್ಕಾರ ಕಡ್ಡಾಯಗೊಳಿಸಬೇಕು. ರ‍್ಯಾಮ್ ಸಾಲದಿದ್ದರೆ ಎಷ್ಟೋ ಯಂತ್ರಗಳಲ್ಲಿ ಮುಂದೆ ಹೆಚ್ಚಿಸಿಕೊಳ್ಳಬಹುದು. ಕಳಪೆ ಪರದೆಯನ್ನು ಮಾತ್ರ ಹೆಚ್ಚಿನವರು ಯಂತ್ರ ಕೆಡುವವರೆಗೂ ಸಹಿಸಿಕೊಳ್ಳಬೇಕಾಗುತ್ತದೆ. ಕಡಿಮೆ ಬೆಲೆಯ ಲ್ಯಾಪ್‌ಟಾಪ್‌ನಲ್ಲಿ ರಾತ್ರಿಯೆಲ್ಲ ಓದುವ ವಿದ್ಯಾರ್ಥಿಗೆ ಕೊಳ್ಳುವ ಮೊದಲೇ ಇಷ್ಟು ತಿಳಿಸುವುದು ಉಪಕಾರವಲ್ಲ, ಕರ್ತವ್ಯ.